ಹಲ್ಲಿಗಿ ಕೇಳಿದ್ದು

ಶಹಾಬಾದದ ಖಣಿಯೊಳಗ
ಪರಸಿ ಎಣಿಸಿ ಬರಕೊಳ್ಳಾಂವ ನಾನು.
ಪರಸಿಯ ಹಣೆಬರಾ ಹೇಳಾಕಿ ಖಾಸಿಂಬಿ.

ಗೇಣುದ್ದ ಸುತ್ತಿಗಿ. ಕುಂತಲ್ಲೇ ಸರಕೋತ ಸರಕೋತ
ಒಂದು ಪರಸಿಗಿ ಒಂದೇ ಪೆಟ್ಟು.
ಖಣ್ ಅಂದ್ರ ಲಾರಿಗಿ.
ದಬ್ ಅಂದ್ರ ಒಳಗೆಲ್ಲೋ ಕೂದಲೆಳಿಯಷ್ಟು ಸೀಳು,
ಬಿಸಿಲಿಗಿ ಹಿಡದ್ರೂ ಕಾಣೂದಿಲ್ಲ;
ಅದು ಕುರಿದೊಡ್ಡಿ ಗ್ವಾಡಿಗಿ.

ಮದ್ದು ಹಾರಿಸೋ ಮುಂದ ಸೀಟಿ ಊದಬೇಕು.
ಅವತ್ತು ಸೀಟಿಯಾಂವ ಚಹಾ ಕುಡಿಲಾಕ ಹೋಗಿದ್ದ.
ಸೀಟಿ ಅವನ ಕೊರಳಾಗೇ ಇತ್ತು.

ಅಲ್ಲಿಂದ ಅಕಿಗಿ ಗಾಳಿ ಅಂಬೋದು
ಝಾಡಿಸಿಟ್ಟ ಖಾಲಿ ಚೀಲ.
ನಾವೆಲ್ಲ ಮುಂದ ನಿಂತು ಗಂಟಲು ಹರಕೋತೀವಿ,
ಅಕಿ ಮಾತ್ರ ಮೆತ್ತಗ ಮಾತಾಡ್ತಾಳ,
ಮಲಗಿದ ಕೂಸಿನ ಬಾಜೂಕ ಕುಂತಂಗ.
"ನನ್ನ ದನಿ ನನಗೇ ಭಾಳ ಆಗ್ತದ ಭೀಮಶಾ,
ಬುರುಡಿಯೊಳಗ ರೊಟ್ಟಿ ಬಡದಂಗ."

ಏಳನೇತ್ತಾದಾಗ ಪದ್ಮಣ್ಣ ಮಾಸ್ತರು ಹೇಳಿದ್ರು:
ಸಪ್ಪಳ ಅನಿಲದಾಗ ನಡೀತದ, ದ್ರವದಾಗ ಓಡ್ತದ,
ಘನದಾಗ ಹಾರ್ತದ.
ಘನ ಅಂದಕೂಡ್ಲೇ ಇಡೀ ವರ್ಗ ನಕ್ಕಿತು,
ನಮ್ಮಪ್ಪಗೋಳು ಹೆಗಲ ಮ್ಯಾಲ ಹೊರೋ
ಕಲ್ಲೊಡಿಯೋ ಘಣ ಅಂತ ತಿಳಕೊಂಡು.
ಮಾಸ್ತರೂ ನಕ್ಕು, "ಅದೂ ಖರೇನೇ" ಅಂದ್ರು.

ದ್ರವ ನಮಗ ಮೊದಲೇ ಗೊತ್ತಿತ್ತು.
ಬಿಟ್ಟ ಖಣಿಯಾಗ ನಿಂತ ಹಸರ ನೀರಾಗ ಮುಳುಗಿ
ಎರಡು ಹಳ್ಳು ಒಂದಕ್ಕೊಂದು ಬಡದ್ರ
ಟಕ್ ಅಂಬೋದು ಕಿವಿ ಹಾದು ಬರ್ತಿದ್ದಿಲ್ಲ,
ಸೀದಾ ನೆತ್ತ್ಯಾಗ ಹುಟ್ತಿತ್ತು.
ತಿಪ್ಪ್ಯಾ ಎಡಕ್ಕ ಅದಾನೋ ಬಲಕ್ಕ ಅದಾನೋ
ತಿಳೀತಿದ್ದಿಲ್ಲ. ನೀರಿಗಿ ದಿಕ್ಕೇ ಇಲ್ಲ,
ಅಲ್ಲಿ ಎಲ್ಲರೂ ಮಗ್ಗಲಾಗೇ ಇದ್ದಂಗ.

ಘನ ಮಾತ್ರ ಖಾಸಿಂಬಿ ಕಲಿಸಬೇಕಾಯ್ತು.

ಮಾಲಕ ಅಕಿನ್ನ ನೀರು ಹೊರಲಾಕ ಹಚ್ಚಿದ.
ನಾಕು ದಿನ ಹೊತ್ತಳು. ಐದನೇ ದಿನ ಕೊಡಾ ಇಳಿಸಿ
ಹಳೇದೊಂದು ಛಣ್ಣಿ ಸೆರಗಿಲೆ ಒರಸಿ
ಒಂದು ತುದಿ ಹಲ್ಲಾಗ ಕಚ್ಚಿ
ಇನ್ನೊಂದು ಪರಸಿಗಿ ಊರಿ
ಬಗ್ಗಿ ಬಡದಳು.
ಕಣ್ಣು ಮುಚ್ಚಿದ್ವು. ರೆಪ್ಪಿ ಒಂದೀಟು ನಡುಗಿದ್ವು.
"ಲಾರಿಗಿ" ಅಂದಳು, ಛಣ್ಣಿ ಬಿಡದಂಗೇ, ತೊದಲಿ.

ಮೊನ್ನಿ ಮಧ್ಯಾಹ್ನ ಹಿಂಗೇ ಬಗ್ಗಿದಾಕಿ
ಒಮ್ಮೆಲೇ ಕೈ ಎತ್ತಿದಳು.
ಏನೂ ಇದ್ದಿಲ್ಲ.
ಕಾಗಿಣಾ ದಂಡಿಗಿ ಕೊಕ್ಕರಿ ನಿಂತಿದ್ವು,
ವಾಡಿ ಕಡಿಂದ ಯಾವ ಗಾಡಿನೂ ಇಲ್ಲ.
ನಾ ಎಪ್ಪತ್ನಾಕು ಅಂತ ಬರದು
ಗೆರಿ ಎಳೀಬೇಕು ಅನ್ನೋದ್ರಾಗ
ಹೊಳಿ ಆಚಿ ಖಣಿಯ ಮದ್ದಿನ ಗುಡುಗು
ಗಾಳಿ ದಾರೀಲೆ ಬಂತು,
ಲಗ್ನ ಮುಗದ ಮ್ಯಾಲ ಬಂದ ಬೀಗರಂಗ
ಧೂಳು ಝಾಡಿಸ್ಕೋತ.
ಕೊಕ್ಕರಿ ಆಗ ಎದ್ವು.
ಕಲ್ಲು ಅಕಿಗಿ ಆಗ್ಲೇ ಹೇಳಿ ಮುಗಿಸಿತ್ತು.
ಸೀಟಿಯಾಂವ ಅಲ್ಲೇ ಇದ್ದ. ಅಕಿ ಕೈ ನೋಡಿದ,
ಆಮ್ಯಾಲ ಭಾಳ ಹೊತ್ತು ನೆಲಾ ನೋಡಿದ.

ಎಪ್ಪತ್ತೈದನೇದು.
ಬಡದಳು. ತಡದಳು. ಮತ್ತ ಬಡದಳು.
ನನ್ನ ಕಿವಿಗಿ ಖಣ್ ಅಂತೇ ಬಂತು.
ಲಾರಿಗೇನು ಖಾಲಾ, ಅಂತ ಸನ್ನಿ ಮಾಡಿದೆ.
ಛಣ್ಣಿ ತಗದು, ಸೆರಗಿಲೆ ಒರಸಿ,
ನನ್ನ ಬಾಯಿಗಿ ಕೊಟ್ಟು
ಎರಡೂ ಕಿವಿ ತನ್ನ ಒರಟು ಅಂಗೈಲೆ ಮುಚ್ಚಿದಳು.
ಕಬ್ಬಿಣದ ರುಚಿ. ಸುಣ್ಣದ ರುಚಿ. ಅಕಿ ಹಲ್ಲಿನ ಕಾವು.

ಬಡದೆ.
ಖಣ್ ಅಂತು, ಖರೇ.
ಆದ್ರ ಅದರ ಬಾಲಕ್ಕ, ಭಾಳ ಒಳಗ,
ಯಾರೋ ಹಾಳಿ ಹರದಂಗ.

ಗ್ವಾಡಿಗಿ, ಅಂತ ಬರಕೊಂಡೆ.